ಮೂವತ್ತೈದರಲ್ಲೊಂದು ಪಾಲು ಸತ್ಯ

ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಬಳಿದ ಬಣ್ಣವನ್ನು ಎಂಬತ್ತು ವರ್ಷ ಕಳೆದ ಮೇಲೆ ಭೂತಗನ್ನಡಿ ಹಿಡಿದು ಹುಡುಕುವ ಒಂದು ಪಂಗಡವಿದೆ. ಅವರು ಯಾರ ತಂಟೆಗೂ ಹೋಗುವವರಲ್ಲ. ಬೀಡಿ ಸೇದುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಪಂಚಾಯಿತಿ ಚುನಾವಣೆಗೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿನ ಯುದ್ಧ ಟ್ಯಾಂಕಿನ ಬಿಡಿಭಾಗಗಳನ್ನು ಒಂದೊಂದಾಗಿ ಅಂಟಿಸಿ, ಅಂಗೈ ಮೇಲೆ ಇಟ್ಟುಕೊಂಡು, ಇದಕ್ಕೆ ಹಚ್ಚಬೇಕಾದ ಹಸಿರು ಯಾವ ಹಸಿರು ಎಂದು ನಿದ್ದೆಗೆಡುತ್ತಾರೆ. ಅಂಥವನೊಬ್ಬ ಈಗ ಹಾಗಲವಾಡಿಯಲ್ಲಿ ನಮ್ಮಕ್ಕನ ಮನೆಯ ಮಹಡಿ ಕೋಣೆಯಲ್ಲಿದ್ದಾನೆ. ನನ್ನ ಸೋದರಳಿಯ. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ ಎಂಬುದು ಆ ಕಂಪನಿಯ ನಂಬಿಕೆ.

ಕೊರಿಯರ್ ತಡವಾಯಿತೆಂದು ಒಮ್ಮೆ ನನ್ನನ್ನೂ ಎಳೆದುಕೊಂಡು ಗುಬ್ಬಿಯ ಬಣ್ಣದ ಅಂಗಡಿಗೆ ಹೋದ.

‘ಡಾರ್ಕ್ ಯೆಲ್ಲೋ ಇದೆಯಾ?’

‘ಗೋಲ್ಡನ್ ಯೆಲ್ಲೋ ಐತೆ, ಲೆಮನ್ ಐತೆ. ಯಾವುದಕ್ಕೆ ಸಾ, ಗೇಟಿಗಾ, ಗಾಡಿಗಾ?’

‘ಜರ್ಮನ್ ಗಾಡಿಗೆ. 1943ರ ಫೆಬ್ರವರಿ ಆದ್ಮೇಲಿನದು.’

ಅಂಗಡಿಯವರು ಘನತೆವಂತರು. ಮುಖದಲ್ಲಿ ಏನನ್ನೂ ತೋರಿಸದೆ ‘ಎಷ್ಟು ಲೀಟ್ರು?’ ಎಂದರು.

‘ಹತ್ತು ಎಂಎಲ್.’

‘ಹತ್ತು ಎಂಎಲ್ ಅಂದ್ರೆ ಡಬ್ಬ ತೆಗುದ್ರೆ ಮುಚ್ಚಳಕ್ಕೇ ಅಂಟ್ಕಂಡಿರ್ತದೆ ಸಾ. ಕೆರ್ಕಂಡೋಗಿ, ದುಡ್ಡೇನೂ ಬ್ಯಾಡ.’

ಇಷ್ಟು ಉದಾರ ವ್ಯಾಪಾರಿಯನ್ನು ಬಿಟ್ಟು ನಮ್ಮವನು ಬರಿಗೈಯಲ್ಲಿ ವಾಪಸು ಬಂದ. ಏಕೆಂದರೆ ಅವನಿಗೆ ಬೇಕಾದದ್ದು ಹಳದಿಯಲ್ಲ. ಜರ್ಮನರು ಡುಂಕೆಲ್‌ಗೆಲ್ಬ್ ಎಂದು ಕರೆದ, ಆರ್‌ಎಎಲ್ 7028 ಎಂಬ ನಂಬರಿನ, ಹಳದಿ ಎನ್ನಲು ಧೈರ್ಯ ಸಾಲದ, ಬೂದು ಎನ್ನಲು ಮನಸ್ಸು ಬಾರದ ಬಣ್ಣ. ಆರ್‌ಎಎಲ್ ಎಂಬುದು 1925ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಸಮಿತಿ. 1927ರಲ್ಲಿ ಅದು ನಲವತ್ತು ಬಣ್ಣಗಳ ಪಟ್ಟಿಯೊಂದನ್ನು ಮಾಡಿತು. ಈಗಿನ ಪಟ್ಟಿಯಲ್ಲಿ 1ರಿಂದ ಶುರುವಾಗುವ ನಂಬರುಗಳು ಹಳದಿಯವು, 7ರಿಂದ ಶುರುವಾಗುವವು ಬೂದು ಬಣ್ಣದವು. ಅಂದರೆ ಹೆಸರಿನಲ್ಲಿ ಕಡು ಹಳದಿ, ಖಾತೆಯಲ್ಲಿ ಬೂದು. ಇಂಥದ್ದು ನಮ್ಮ ಪಹಣಿಗಳಲ್ಲಿ ಮಾತ್ರ ನಡೆಯುತ್ತದೆ ಎಂದುಕೊಂಡಿದ್ದೆ. ಯುದ್ಧ ಮುಗಿದ ಮೇಲೆ ಈ 7028 ಪಟ್ಟಿಯಿಂದಲೇ ಮಾಯವಾಯಿತು. ಇವತ್ತು ಆರ್‌ಎಎಲ್‌ನವರ ಬಣ್ಣದ ಪುಸ್ತಕ ತರಿಸಿ ನೋಡಿದರೆ ಆ ಜಾಗದಲ್ಲಿ ಏನೂ ಇಲ್ಲ. ಮೂಲ ದಾಖಲೆಯೇ ಇಲ್ಲದ ಆಸ್ತಿಗೆ ವಾರಸುದಾರರು ಹೆಚ್ಚು. ಜಪಾನಿನ ಟಮಿಯಾ ಒಂದು ‘ಡಾರ್ಕ್ ಯೆಲ್ಲೋ’ ಮಾರುತ್ತದೆ, ಇಂಗ್ಲೆಂಡಿನ ಹಂಬ್ರೋಲ್ ಇನ್ನೊಂದು, ಸ್ಪೇನಿನ ವಲ್ಲೆಹೊ ಮತ್ತೊಂದು. ಮೂರನ್ನೂ ಒಂದೇ ಚಮಚೆಗೆ ಬಳಿದು ನೋಡಿದರೆ ಮೂರು ಬೇರೆ ಬೇರೆ ದೇಶಗಳು ಯುದ್ಧಕ್ಕೆ ಹೊರಟಂತಿರುತ್ತದೆ. ಬಳಿದು ನೋಡಿದ್ದೇವೆ. ಚಮಚೆ ಅಕ್ಕನದು.

ಈಗ ಆ ಬಣ್ಣ ರಣರಂಗದಲ್ಲಿ ಹೇಗೆ ಬಳಿಯಲ್ಪಟ್ಟಿತು ಎಂಬುದನ್ನು ಕೇಳಿ. 1943ರ ಫೆಬ್ರವರಿಯಲ್ಲಿ ಬಂದ ಆದೇಶದಂತೆ ಕಾರ್ಖಾನೆಯಿಂದ ಟ್ಯಾಂಕು ಈ ಹಳದಿಯಲ್ಲಿ ಹೊರಬರುತ್ತಿತ್ತು. ಜತೆಗೆ ಆಲಿವ್ ಹಸಿರು, ಕೆಂಗಂದು, ಈ ಎರಡು ಬಣ್ಣಗಳ ಗಟ್ಟಿ ಲೇಪದ ಡಬ್ಬಗಳನ್ನು ಪಡೆಗಳಿಗೆ ಕಳಿಸುತ್ತಿದ್ದರು. ನೀವಿರುವ ಜಾಗದ ಮಣ್ಣು, ಮರ ನೋಡಿಕೊಂಡು ನೀವೇ ಬಳಿದುಕೊಳ್ಳಿ ಎಂದು. ಲೇಪವನ್ನು ತೆಳು ಮಾಡಲು ಪೆಟ್ರೋಲು ಹಾಕಬೇಕು, ಇಲ್ಲದಿದ್ದರೆ ನೀರು. ಎಷ್ಟು ಹಾಕಿದರೆ ಅಷ್ಟು ತೆಳು, ಅಷ್ಟು ಬೇರೆ ಬಣ್ಣ. ಸಿಂಪಡಿಸುವ ಯಂತ್ರ ಇದ್ದವನು ಸಿಂಪಡಿಸಿದ, ಇಲ್ಲದವನು ಕುಂಚದಲ್ಲಿ ಬಳಿದ, ಕುಂಚವೂ ಇಲ್ಲದವನು ಕೈಗೆ ಸಿಕ್ಕಿದ್ದರಲ್ಲಿ ತಿಕ್ಕಿದ. ಯುದ್ಧದ ಕೊನೆಕೊನೆಗೆ ಟ್ಯಾಂಕು ಓಡಿಸಲೇ ಪೆಟ್ರೋಲಿಲ್ಲದ ಸ್ಥಿತಿ, ಬಣ್ಣಕ್ಕೆಲ್ಲಿಂದ ತರುವುದು? ನಾಳೆ ಬದುಕಿರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದ ಇಪ್ಪತ್ತು ವರ್ಷದ ಹುಡುಗ ರಷ್ಯಾದ ಚಳಿಯಲ್ಲಿ ಅರ್ಧ ಗಂಟೆಯಲ್ಲಿ ಬಳಿದು ಮುಗಿಸಿದ್ದನ್ನು, ಹಾಗಲವಾಡಿಯ ಹುಡುಗ ಒಂದು ಮಳೆಗಾಲವಿಡೀ ಪರಿಶೀಲಿಸಿ ‘ಹಸಿರು ಸ್ವಲ್ಪ ನೀಲಿಗೆ ಹೊಡೀತಿದೆ ಮಾವ’ ಎಂದು ಪಕ್ಕಕ್ಕಿಡುತ್ತಾನೆ.

ಕೆಂಗಂದು ಎಂದಾಗ ನಾನೂ ಒಂದು ಸಲಹೆ ಕೊಟ್ಟೆ. ನಮ್ಮ ಪಕ್ಕದ ಚೇಳೂರು ಸೀಮೆಯ ಸಿದ್ದು ಹಲಸಿನ ತೊಳೆಯ ಬಣ್ಣವೇ ಇದ್ದಂತಿದೆಯಲ್ಲ, ಒಂದು ತೊಳೆ ಇಟ್ಟುಕೊಂಡು ಅದರಂತೆ ಕಲಸು ಎಂದು. ‘ಅದು ತಾಮ್ರಗೆಂಪು, ಇದು 8017’ ಎಂದ. ತೊಳೆ ಮಾತ್ರ ತಿಂದ.

ಈ ಪಂಗಡದ ಇತಿಹಾಸದಲ್ಲಿ ಎರಡು ದೊಡ್ಡ ಭೂಕಂಪಗಳಾಗಿವೆ. ಮೊದಲನೆಯದು ಬೂದು ಟ್ಯಾಂಕಿನದು. 1939ರಲ್ಲಿ ಪೋಲೆಂಡಿಗೆ ನುಗ್ಗಿದ ಜರ್ಮನ್ ಟ್ಯಾಂಕುಗಳೆಲ್ಲ ಬರೀ ಕಡು ಬೂದು ಎಂದು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಪುಸ್ತಕಗಳು ಹಾಗೆ ಹೇಳಿದ್ದವು, ಚಿತ್ರಗಳಲ್ಲಿ ಹಾಗೆ ಕಂಡಿತ್ತು, ಸಿನಿಮಾಗಳು ಹಾಗೆ ತೋರಿಸಿದ್ದವು. ಈ ಶತಮಾನದ ಆರಂಭದಲ್ಲಿ ಥಾಮಸ್ ಜೆಂಟ್ಜ್, ಹಿಲರಿ ಡಾಯ್ಲ್ ಎಂಬ ಇಬ್ಬರು ಸಂಶೋಧಕರು ಹಳೆಯ ಸೇನಾ ಆದೇಶಗಳನ್ನು ಕೆದಕಿ ಬೇರೆಯೇ ಸಂಗತಿ ಹೊರತೆಗೆದರು. ಮೂರರಲ್ಲಿ ಎರಡು ಪಾಲು ಬೂದು, ಒಂದು ಪಾಲು ಕಡು ಕಂದು. ಬಣ್ಣ ಉಳಿಸಲೆಂದು 1940ರ ಜುಲೈನಲ್ಲಿ ಕಂದು ಕೈಬಿಟ್ಟರು. ಹಾಗಾದರೆ ಚಿತ್ರಗಳಲ್ಲಿ ಕಂದು ಏಕೆ ಕಾಣಲಿಲ್ಲ? ಕಪ್ಪು-ಬಿಳುಪು ಫಿಲ್ಮಿನಲ್ಲಿ ಆ ಬೂದೂ ಆ ಕಂದೂ ಹೆಚ್ಚುಕಡಿಮೆ ಒಂದೇ ಕಪ್ಪು. ಮರೆಮಾಚುವ ಬಣ್ಣ ಶತ್ರುವಿನಿಂದ ಎಷ್ಟು ಮರೆಮಾಚಿತೋ ತಿಳಿಯದು, ಇತಿಹಾಸಕಾರರಿಂದ ಮಾತ್ರ ಅರವತ್ತು ವರ್ಷ ಅಚ್ಚುಕಟ್ಟಾಗಿ ಮರೆಮಾಚಿತು. ಸುದ್ದಿ ಹಬ್ಬಿದ ರಾತ್ರಿ ಜಗತ್ತಿನ ಎಷ್ಟು ಗಾಜಿನ ಕಪಾಟುಗಳಲ್ಲಿ ಎಷ್ಟು ಬೂದು ಟ್ಯಾಂಕುಗಳು ಒಮ್ಮೆಲೇ ಸುಳ್ಳಾದವು ಎಂದು ನೆನೆದರೆ ಕರುಣೆ ಬರುತ್ತದೆ.

ಎರಡನೆಯದು ಇಂಗ್ಲಿಷರ ನೀಲಿ. 1940-41ರಲ್ಲಿ ಈಜಿಪ್ಟ್, ಲಿಬಿಯಾ ಮರುಭೂಮಿಯಲ್ಲಿ ಬ್ರಿಟಿಷ್ ಟ್ಯಾಂಕುಗಳಿಗೆ ಕಾಂಟರ್ ಎಂಬ ಅಧಿಕಾರಿಯ ಹೆಸರಿನ ಮೂರು ಬಣ್ಣದ ಓರೆಪಟ್ಟಿ ವಿನ್ಯಾಸವಿತ್ತು. ಅದರಲ್ಲಿ ಒಂದು ಪಟ್ಟಿ ತಿಳಿ ನೀಲಿ ಎಂದು ಇಂಗ್ಲೆಂಡಿನ ಸಂಗ್ರಹಾಲಯದವರು ತಮ್ಮಲ್ಲಿದ್ದ ಟ್ಯಾಂಕಿಗೆ ಬಳಿದರು. ಸಂಗ್ರಹಾಲಯವೇ ಬಳಿದ ಮೇಲೆ ಕೇಳುವುದೇನು? ಮಾದರಿ ತಯಾರಿಸುವ ಕಂಪನಿಗಳು ಬಳಿದವು, ಕಂಪನಿಯ ಡಬ್ಬದ ಮೇಲಿನ ಚಿತ್ರ ನೋಡಿ ಮಕ್ಕಳು ಬಳಿದರು, ಆ ಮಕ್ಕಳು ದೊಡ್ಡವರಾಗಿ ಪುಸ್ತಕ ಬರೆದರು, ಆ ಪುಸ್ತಕಗಳು ನೀಲಿಗೆ ಆಧಾರವಾದವು. ಕೊನೆಗೆ ನೋಡಿದರೆ ಅದು ಹಸಿರಿನತ್ತ ವಾಲಿದ ಬೂದು, ಸಿಲ್ವರ್ ಗ್ರೇ. ಒಂದು ಸುಳ್ಳು ಪ್ರಮಾಣಪತ್ರ ಹತ್ತು ಕಡೆ ಜೆರಾಕ್ಸ್ ಆದ ಮೇಲೆ ಮೂಲ ಕೇಳಿದವನೇ ಅನುಮಾನಾಸ್ಪದ ವ್ಯಕ್ತಿಯಾಗುವುದು ಇಂಗ್ಲೆಂಡಿನಲ್ಲೂ ಉಂಟು ಎಂದು ತಿಳಿದು ನನಗೆ ಸಮಾಧಾನವಾಯಿತು.

ಇದನ್ನೆಲ್ಲ ಅಳಿಯ ಹೇಳುವಾಗ ಕಣ್ಣಲ್ಲಿ ಮಿಂಚು. ಮೂರರಲ್ಲೊಂದು ಪಾಲು ಕಂದು, ಅಂಚು ಮಸುಕಾಗಿರಬೇಕು, ಗೆರೆ ಹೊಡೆದಂತಿರಬಾರದು. ಸರಿ ಕಣಪ್ಪ, ಈ ಟ್ಯಾಂಕು ಪೋಲೆಂಡಿನಲ್ಲಿ ಯಾವ ಊರಿಗೆ ಹೋಯಿತು, ಅಲ್ಲಿ ಯಾರಿದ್ದರು, ಆಮೇಲೆ ಅವರೇನಾದರು ಎಂದು ಕೇಳಿದೆ. ‘ಅದು ನನ್ನ ಸಬ್ಜೆಕ್ಟ್ ಅಲ್ಲ ಮಾವ’ ಎಂದ. ಬಣ್ಣದ ನಂಬರು ನಾಲ್ಕಂಕಿಯವರೆಗೆ ಬಾಯಿಪಾಠ. ಆ ಬಣ್ಣದ ಕೆಳಗಿದ್ದ ಉಕ್ಕು ಯಾರ ಮೇಲೆ ಹರಿಯಿತು ಎಂಬ ಲೆಕ್ಕ ಮಾತ್ರ ಅಂದಾಜಿನದೂ ಇಲ್ಲ. ಅವನೊಬ್ಬನನ್ನೇ ದೂರಲಾರೆ. ಯಾವುದರಲ್ಲಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲವೋ ಅದರಲ್ಲಿ ಕರಾರುವಾಕ್ಕಾಗಿರುವುದು ಬಹಳ ಸುಖದ ಕೆಲಸ.

ಇನ್ನು ಅಳತೆ. ಈ ಟ್ಯಾಂಕು ನಿಜದ ಟ್ಯಾಂಕಿನ ಮೂವತ್ತೈದರಲ್ಲೊಂದು ಪಾಲು. ಮೂವತ್ತೈದೇ ಏಕೆ? ಏನೋ ಗಹನ ಗಣಿತವಿರಬೇಕು ಎಂದುಕೊಂಡಿರಿ. 1961ರಲ್ಲಿ ಟಮಿಯಾ ಕಂಪನಿ ಓಡುವ ಪ್ಯಾಂಥರ್ ಟ್ಯಾಂಕಿನ ಆಟಿಕೆ ಮಾಡಿತು. ಒಳಗೆ ಮೋಟಾರು, ಎರಡು ಬ್ಯಾಟರಿ ಸೆಲ್ಲು ಹಿಡಿಸಬೇಕಿತ್ತು. ಹಿಡಿಸುವಷ್ಟು ದೊಡ್ಡದು ಮಾಡಿ ಆಮೇಲೆ ಅಳೆದು ನೋಡಿದರೆ ಹೆಚ್ಚುಕಡಿಮೆ ಮೂವತ್ತೈದರಲ್ಲೊಂದು ಬಂತು. ಅದೇ ಜಗತ್ತಿನ ನಿಯಮವಾಯಿತು. ಅಂದರೆ ಟಾರ್ಚ್ ಸೆಲ್ಲಿನ ಗಾತ್ರದಿಂದ ಹುಟ್ಟಿದ ಅಂದಾಜಿನ ಮೇಲೆ, ಪೆಟ್ರೋಲಿನ ಅಂದಾಜಿನಲ್ಲಿ ಬಳಿದ ಬಣ್ಣವನ್ನು, ಎಳ್ಳಷ್ಟೂ ಅಂದಾಜಿಲ್ಲದೆ ಹಚ್ಚಬೇಕು.

ಅಷ್ಟಕ್ಕೇ ಮುಗಿಯುವುದಿಲ್ಲ. ನಂಬರು ಸರಿಯಾಗಿ ಸಿಕ್ಕಿತು ಅನ್ನಿ, ಅದನ್ನು ಹಾಗೇ ಹಚ್ಚುವಂತಿಲ್ಲ. ಒಂದಡಿ ದೂರದಿಂದ ಈ ಟ್ಯಾಂಕನ್ನು ನೋಡಿದರೆ ಅಸಲಿ ಟ್ಯಾಂಕನ್ನು ಮೂವತ್ತೈದಡಿ ದೂರದಿಂದ ನೋಡಿದ ಲೆಕ್ಕ. ದೂರ ಹೋದಂತೆ ಗಾಳಿಯ ಮಬ್ಬಿನಿಂದ ಬಣ್ಣ ಪೇಲವವಾಗುತ್ತದೆ. ಆದ್ದರಿಂದ ಸರಿಯಾದ ಬಣ್ಣಕ್ಕೆ ಬಿಳಿ ಬೆರೆಸಿ ತಪ್ಪು ಬಣ್ಣ ಮಾಡಿದರೆ ಅದು ಸರಿಯಾದ ಬಣ್ಣ. ಎಷ್ಟು ಬಿಳಿ? ಇಲ್ಲಿ ಪಂಗಡ ಒಡೆಯುತ್ತದೆ. ಕೆಲವರು ಶೇಕಡಾವಾರು ಹೇಳುತ್ತಾರೆ, ಕೆಲವರು ಬಿಳಿ ಬೇಡ, ಹಳದಿ ಬೆರೆಸಿ ಎನ್ನುತ್ತಾರೆ, ಕಟ್ಟರ್ ಗುಂಪೊಂದು ಇದೆಲ್ಲ ಬೊಗಳೆ, ಡಬ್ಬದಲ್ಲಿದ್ದಂತೆ ಹಚ್ಚಿ ಎನ್ನುತ್ತದೆ. ಅಲ್ಲದೆ ಟ್ಯೂಬ್‌ಲೈಟಿನ ಕೆಳಗೆ ಸರಿಕಂಡದ್ದು ಬಿಸಿಲಿಗೆ ತಂದರೆ ಬೇರೆ. ಅಳಿಯ ಟ್ಯಾಂಕನ್ನು ಅಂಗಳಕ್ಕೆ ತಂದು, ತುಳಸಿಕಟ್ಟೆ ಮೇಲಿಟ್ಟು, ಮೋಡ ಸರಿಯಲೆಂದು ಕಾಯುತ್ತ ನಿಲ್ಲುತ್ತಾನೆ. ಹಾಗಲವಾಡಿ ಸೀಮೆಯಲ್ಲಿ ಮೋಡ ಹೋಗಲಿ ಎಂದು ಹಾರೈಸುವ ಏಕೈಕ ಜೀವ.

ಕೊನೆಗೂ ಬಣ್ಣ ಸರಿಹೋಯಿತು ಎಂದಿಟ್ಟುಕೊಳ್ಳಿ. ಆಗ ಅದನ್ನು ಮುಚ್ಚುವ ಕೆಲಸ ಶುರು. ಇದಕ್ಕೆ ಅವರ ಭಾಷೆಯಲ್ಲಿ ವೆದರಿಂಗ್ ಎಂದು ಹೆಸರು. ಬಿಸಿಲಿಗೆ ಮಾಸಿದಂತೆ ತೊಳೆಯಬೇಕು, ಮೂಲೆಗಳಲ್ಲಿ ಬಣ್ಣ ಎದ್ದಂತೆ ಸ್ಪಂಜಿನಿಂದ ತಟ್ಟಬೇಕು, ತುಕ್ಕು ಇಳಿದಂತೆ ಗೆರೆ ಎಳೆಯಬೇಕು, ಎಣ್ಣೆ ಸೋರಿಸಬೇಕು, ಕಡೆಗೆ ಧೂಳು ಹಾಕಬೇಕು. ತಿಂಗಳುಗಟ್ಟಲೆ ಜಗಳವಾಡಿ ಕಂಡುಕೊಂಡ ಹಸಿರಿನ ಮುಕ್ಕಾಲು ಪಾಲು ಈಗ ಕಾಣುವುದಿಲ್ಲ. ಧೂಳನ್ನೂ ವಿದೇಶದಿಂದಲೇ ತರಿಸುತ್ತಾರೆ. ಪುಟ್ಟ ಸೀಸೆಗಳಲ್ಲಿ ಬರುತ್ತದೆ. ಒಂದರ ಮೇಲೆ ‘ಯೂರೋಪಿನ ಧೂಳು’ ಎಂದು ಅಚ್ಚು ಹಾಕಿದೆ, ಇನ್ನೊಂದರ ಮೇಲೆ ‘ಕೊಲ್ಲಿ ಯುದ್ಧದ ಮರಳು’. ನಮ್ಮ ಮಗ್ಗುಲಿಗೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿದೆ. ಊರಿಗೆ ಆ ಹೆಸರು ಬಂದಿರುವುದೇ ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನಿಂದ. ಅಲ್ಲಿನ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ತೆಗೆಯುತ್ತಾರೆ. ಅದಿರಿನ ಲಾರಿ ಓಡಾಡುವ ರಸ್ತೆಯ ಪಕ್ಕದ ತೆಂಗು, ಹೆಂಚು, ಎಮ್ಮೆ, ಅಂಗನವಾಡಿಯ ಗೋಡೆ ಎಲ್ಲವೂ ಯಾವ ಕಲಾವಿದನ ಸಹಾಯವಿಲ್ಲದೆ ಪರಿಪೂರ್ಣವಾಗಿ ವೆದರಿಂಗ್ ಆಗುತ್ತವೆ. ಈ ಧೂಳನ್ನು ಇಪ್ಪತ್ತು ಎಂಎಲ್ ಸೀಸೆಗೆ ತುಂಬಿ ‘ಚಿಕ್ಕನಾಯಕನಹಳ್ಳಿ ಕೆಂಪು’ ಎಂದು ಸ್ಪೇನಿಗೆ ಕಳಿಸಿದರೆ ಜಿಲ್ಲೆಯ ರಫ್ತು ಎಲ್ಲಿಗೋ ಹೋಗುತ್ತದೆ. ಶ್ವಾಸಕೋಶದಿಂದ ವಾಪಸು ತೆಗೆಯುವ ತಂತ್ರಜ್ಞಾನ ಬಂದ ದಿನ ಕಚ್ಚಾವಸ್ತುವಿಗೂ ಕೊರತೆಯಿರುವುದಿಲ್ಲ.

ಮರೆಮಾಚುವ ಈ ವಿದ್ಯೆ ನಮ್ಮ ಕಡೆಯವರಿಗೆ ತೀರಾ ಪರಕೀಯವೇನಲ್ಲ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರೆಂಚ್ ಸೇನೆ ಇದಕ್ಕೆಂದೇ ಒಂದು ತುಕಡಿ ಕಟ್ಟಿತು. ಅದರ ಮುಖ್ಯಸ್ಥ ಗಿರಾಂ ದ ಸೆವೊಲಾ ಒಬ್ಬ ಚಿತ್ರಕಾರ. ಅವನ ಕೈಕೆಳಗೆ ಸೇರಿದವರಲ್ಲಿ ನಾಟಕದ ಪರದೆ ಬರೆಯುವವರೂ ಇದ್ದರು. ಆ ಹೊತ್ತಿಗೆ ನಮ್ಮ ಗುಬ್ಬಿ ನಾಟಕ ಕಂಪನಿ ಹುಟ್ಟಿ ಮೂವತ್ತು ವರ್ಷ ದಾಟಿತ್ತು. 1884ರಿಂದ ಕಾಡು, ಅರಮನೆ, ಬೀದಿ, ಇಂದ್ರಸಭೆಗಳನ್ನು ಬಟ್ಟೆಯ ಮೇಲೆ ನಂಬುವಂತೆ ಬರೆಸುತ್ತಿದ್ದವರು ನಮ್ಮವರು. ಮುಂದೆ ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜದ ಆನೆ, ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು. ಅಲ್ಲಿ ಹಸ್ತಿನಾವತಿಯ ಗೋಡೆಯ ಬಣ್ಣ ದ್ವಾಪರಯುಗದ ಯಾವ ನಂಬರಿನದು ಎಂದು ಯಾವ ಪ್ರೇಕ್ಷಕನೂ ಟಿಕೆಟ್ ಹಣ ವಾಪಸು ಕೇಳಲಿಲ್ಲ. ಗ್ಯಾಸ್ ದೀಪದ ಬೆಳಕಿನಲ್ಲಿ, ಹಿಂದಿನ ಸಾಲಿನ ನಾಲ್ಕಾಣೆ ಗಿರಾಕಿಗೆ ಗೋಡೆ ಗೋಡೆಯಂತೆ ಕಂಡರೆ ಮುಗಿಯಿತು. ಫ್ರೆಂಚ್ ತುಕಡಿಯವರಿಗೂ ಗೊತ್ತಿದ್ದದ್ದು ಇಷ್ಟೆ. ಅವರ ಹಿಂದಿನ ಸಾಲಿನಲ್ಲಿ ಕೂತವನ ಕೈಯಲ್ಲಿ ಫಿರಂಗಿ ಇತ್ತು ಅನ್ನುವುದೊಂದೇ ವ್ಯತ್ಯಾಸ.

ಆ ತುಕಡಿಯ ಲಾಂಛನ ಗೋಸುಂಬೆ. ಇಲ್ಲಿ ಪಕ್ಷಾಂತರಿಗಳನ್ನು ಎಳೆದು ತರಬೇಕೆಂದು ಕೈ ತುರಿಸುತ್ತದೆ, ಆದರೆ ಪ್ರಾಣಿಶಾಸ್ತ್ರ ಅಡ್ಡಬರುತ್ತದೆ. ಗೋಸುಂಬೆ ಬಣ್ಣ ಬದಲಿಸುವುದು ಹೆಚ್ಚಾಗಿ ಅಡಗಿಕೊಳ್ಳಲು ಅಲ್ಲವಂತೆ, ಎದುರಾಳಿಗೆ, ಸಂಗಾತಿಗೆ ತನ್ನನ್ನು ತೋರಿಸಿಕೊಳ್ಳಲು. ಇದನ್ನು ನಮ್ಮ ಜಾತ್ರೆಗಳಲ್ಲಿ ಪ್ರತ್ಯಕ್ಷ ನೋಡಬಹುದು. ಗುಬ್ಬಿ ಚನ್ನಬಸವೇಶ್ವರ ಜಾತ್ರೆಯಲ್ಲಿ ಒಂದು ಸುತ್ತು ಹಾಕಿ. ಮಿಲಿಟರಿ ಚಡ್ಡಿ, ಮಿಲಿಟರಿ ಟೋಪಿ, ಮಿಲಿಟರಿ ಮೊಬೈಲ್ ಕವರು. ಯಾರಿಗೂ ಕಾಣದಂತಿರಲು ಮಾಡಿದ ವಿನ್ಯಾಸವನ್ನು ತೊಟ್ಟು, ಎಲ್ಲರಿಗೂ ಕಾಣುವಂತೆ ಬುಲೆಟ್ ಗಾಡಿ ಮೇಲೆ ಮೂವರು. ಟಿಪ್ಪುವಿನ ಸೈನಿಕರ ಮೈಮೇಲಿದ್ದ ಹುಲಿಪಟ್ಟೆಯ ‘ಬಬ್ರಿ’ ಕೂಡ ಅಡಗಲು ಹಾಕಿದ್ದಲ್ಲ, ಬರುತ್ತಿರುವವನು ಯಾರೆಂದು ದೂರದಿಂದಲೇ ಗೊತ್ತಾಗಲಿ ಎಂದು. ನಮ್ಮ ನಾಡಿನ ಸಂಪ್ರದಾಯ ಇದೇ ಇರಬೇಕು.

ಸರ್ಕಾರ ಮಾತ್ರ ಬಣ್ಣದ ವಿಚಾರದಲ್ಲಿ ಕಟ್ಟುನಿಟ್ಟು. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಸೇನೆಯ ವಾಹನಗಳಿಗೆ ಮಾತ್ರ ಮೀಸಲು, ನಿಮ್ಮ ಜೀಪಿಗೆ ಹಚ್ಚುವಂತಿಲ್ಲ. ಯಾವ ಆಲಿವ್ ಹಸಿರು? ಅದನ್ನು ಹೇಳಲು ನಮ್ಮ ಅಳಿಯನನ್ನು ಸಾಕ್ಷಿಗೆ ಕರೆದರೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ಈಗಂತೂ ಅಸಲಿ ಮರೆಬಣ್ಣವೇ ನಮ್ಮ ತಾಲ್ಲೂಕಿಗೆ ಬರುವ ಸೂಚನೆಯಿದೆ. ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿ 6ರಂದು ಉದ್ಘಾಟನೆ. 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ಹೆಲಿಕಾಪ್ಟರುಗಳಿಗೆ 62,700 ಕೋಟಿ ರೂಪಾಯಿಯ ಒಪ್ಪಂದವಾಗಿ, ಅವು ಬೆಂಗಳೂರಿನ ಜತೆ ತುಮಕೂರಿನಲ್ಲೂ ತಯಾರಾಗುತ್ತವೆ ಎಂದಿದ್ದಾರೆ. ಪ್ರಚಂಡದ ಮೈಮೇಲೆ ಚೌಕಚೌಕದ ಡಿಜಿಟಲ್ ವಿನ್ಯಾಸ. ಚೌಕ ಬಿಡಿಸುವ ಕೈಗಳಿಗೆ ನಮ್ಮಲ್ಲಿ ಬರವಿಲ್ಲ, ಪ್ರತಿ ಮನೆಯ ಮುಂದೆ ಬೆಳಗ್ಗೆ ರಂಗೋಲಿಯ ಚುಕ್ಕಿ ಬೀಳುತ್ತದೆ.

ಆದರೆ ಇಷ್ಟು ಹೊತ್ತಿಗೆ ಬಣ್ಣದ ಕಾಲವೇ ಮುಗಿಯುತ್ತ ಬಂದಿದೆ. ಈಗ ಟ್ಯಾಂಕನ್ನು ಹುಡುಕುವುದು ಅದರ ಹಸಿರು ನೋಡಿಯಲ್ಲ, ಇಂಜಿನ್ನಿನ ಶಾಖ ನೋಡಿ. ಉಕ್ರೇನಿನಲ್ಲಿ ಡ್ರೋನುಗಳು ಮೇಲಿನಿಂದ ಎರಗತೊಡಗಿದ ಮೇಲೆ ಕೋಟ್ಯಂತರ ಬೆಲೆಯ ಟ್ಯಾಂಕುಗಳ ತಲೆಯ ಮೇಲೆ ಕಬ್ಬಿಣದ ಜಾಲರಿ ಬೆಸುಗೆ ಹಾಕಿಕೊಂಡು ಓಡಾಡುತ್ತಿದ್ದಾರೆ. ಬಣ್ಣ ಯಾವುದಾದರೇನು ಇನ್ನು ಎಂದು ಅಳಿಯನನ್ನು ಚುಚ್ಚಿದೆ. ಅವನು ಸ್ವಲ್ಪವೂ ವಿಚಲಿತನಾಗಲಿಲ್ಲ. ಆ ಜಾಲರಿಯ ತುಕ್ಕು ಎಷ್ಟು ಹಳೆಯದಿರಬೇಕು ಎಂಬ ಚರ್ಚೆ ಆಗಲೇ ಆರಂಭವಾಗಿದೆಯಂತೆ.

ಇಷ್ಟಾದರೂ ಅವನ ಕಪಾಟಿನಲ್ಲಿ ಜರ್ಮನಿಯವು, ರಷ್ಯಾದವು, ಇಂಗ್ಲೆಂಡಿನವು ಇವೆ, ನಮ್ಮದೊಂದೂ ಇಲ್ಲ. 1965ರಲ್ಲಿ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್‌ಗಳನ್ನು ಕೆಡವಿದವರು, 1971ರಲ್ಲಿ ಬಸಂತರ್ ದಾಟಿದವರು ಯಾವ ಬಣ್ಣದಲ್ಲಿ ಹೋದರು? ಕೇಳಿದೆ. ‘ನಮ್ಮ ಹಸಿರಿಗೆ ಸರಿಯಾದ ಆಧಾರ ಸಿಗಲ್ಲ ಮಾವ’ ಎಂದು ನಾಚಿದ. ಆಧಾರಕ್ಕೆ ಎಲ್ಲಿಗೆ ಹೋಗಬೇಕು? ನಿವೃತ್ತ ಟ್ಯಾಂಕುಗಳನ್ನು ಈಗ ಊರೂರಿನ ಕಟ್ಟೆ, ಪಾರ್ಕು, ವೃತ್ತಗಳಲ್ಲಿ ನಿಲ್ಲಿಸುತ್ತಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಲ್ಲಿ ಸಂಗ್ರಹಾಲಯವಾದಾಗ ಅಲ್ಲಿಗೂ ಒಂದು ಟ್ಯಾಂಕು ಬಂತು. ಸಂಗ್ರಹಾಲಯದವಕ್ಕೆ ಹೇಗೋ ಯಜಮಾನರಿರುತ್ತಾರೆ, ವೃತ್ತದಲ್ಲಿ ನಿಂತದ್ದರ ಗತಿ ಬೇರೆ. ಮಳೆಗೆ ಮಾಸಿದ ಮೇಲೆ ಯಾವುದೋ ರಾಷ್ಟ್ರೀಯ ದಿನದ ಹಿಂದಿನ ಸಂಜೆ ಗುತ್ತಿಗೆದಾರನ ಹುಡುಗರು ಬಂದು, ಪಾರ್ಕಿನ ಬೆಂಚಿಗೆ ಬಳಿದು ಉಳಿದ ಹಸಿರಿನಲ್ಲಿ ಅದನ್ನೂ ಮುಗಿಸುತ್ತಾರೆ. ಕೆಳಗೆ ಸುಣ್ಣದ ಕಟ್ಟೆ, ಅಂಚಿಗೆ ಕೆಮ್ಮಣ್ಣು. ಅಲ್ಲಾಡುವುದಕ್ಕೆಲ್ಲ ಸೆಲ್ಯೂಟ್ ಹೊಡಿ, ಅಲ್ಲಾಡದ್ದಕ್ಕೆಲ್ಲ ಸುಣ್ಣ ಬಳಿ ಎಂಬುದು ಫೌಜಿನಲ್ಲಿ ಹಳೆಯ ಮಾತು. ಮೂವತ್ತೈದರಲ್ಲೊಂದು ಪಾಲಿನ ಟ್ಯಾಂಕಿಗೆ ನಾಲ್ಕಂಕಿಯ ನಂಬರು, ಪೂರ್ತಿ ಅಳತೆಯ ಟ್ಯಾಂಕಿಗೆ ಉಳಿದ ಬಣ್ಣ.

ಕಡೆಗೆ ನಾನೇ ಒಂದು ದಾರಿ ಹುಡುಕಿದೆ. ಊರಿನಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ. ಆವಡಿಯಲ್ಲಿ ತಯಾರಾದ ವಿಜಯಂತ ಟ್ಯಾಂಕು ಓಡಿಸಿದವರು, 1986-87ರ ಬ್ರಾಸ್‌ಟ್ಯಾಕ್ಸ್ ಕವಾಯತಿನಲ್ಲಿ ರಾಜಸ್ಥಾನದ ಮರಳು ಕುಡಿದವರು. ಅಳಿಯ ಪುಸ್ತಕ, ಪೆನ್ನು, ಬಣ್ಣದ ಚೀಟಿಗಳ ಕಟ್ಟು ಹಿಡಿದು ಅವರ ಜಗುಲಿ ಮೇಲೆ ಕೂತ.

‘ದೊಡ್ಡಪ್ಪ, ನಿಮ್ಮ ಗಾಡಿ ಯಾವ ಹಸಿರು?’

‘ಹಸಿರು.’

‘ಇದರಲ್ಲಿ ಯಾವುದು ನೋಡಿ ಹೇಳಿ.’

ಹವಾಲ್ದಾರರು ಚೀಟಿಗಳನ್ನು ಒಂದೊಂದಾಗಿ ನೋಡಿದರು. ‘ಇಂಡೆಂಟ್ ಹಾಕ್ತಿದ್ದುದು ಇದು ಅಂತ ಕಾಣ್ತದೆ. ಬರ್ತಿದ್ದುದು ಇದು. ಮಾರ್ಚ್ ಕೊನೇಲಿ ಬಂದ್ರೆ ಇದು. ಆದ್ರೂ ಅದ್ಯಾವುದೂ ಕಾಣ್ತಿರಲಿಲ್ಲ ಬಿಡಪ್ಪ. ಕವಾಯತಿಗೆ ಹೊರಟಾಗ ಮಣ್ಣು ಕಲಸಿ ಮೇಲೆಲ್ಲ ಮೆತ್ತಿಬಿಡ್ತಿದ್ವಿ.’

ಅಳಿಯ ಪೆನ್ನಿನ ಮುಚ್ಚಳ ತೆಗೆದ. ‘ಯಾವ ಊರಿನ ಮಣ್ಣು ದೊಡ್ಡಪ್ಪ? ಜೈಸಲ್ಮೇರ್ ಕಡೇದಾ, ಬಿಕಾನೇರ್ ಕಡೇದಾ?’

ಎಮ್ಮೆ ಕರೆಯುವ ಹೊತ್ತಾಯಿತೆಂದು ಹವಾಲ್ದಾರರು ಚೊಂಬು ಹಿಡಿದು ಎದ್ದರು. ಅಳಿಯನೂ ಎದ್ದು ಕೊಟ್ಟಿಗೆಯವರೆಗೆ ಹಿಂದೆಯೇ ಹೋದ. ಮಣ್ಣಿಗೆ ನೀರು ಕಲಸುತ್ತಿದ್ದರೋ ಡೀಸೆಲ್ಲೋ ಎಂದು ಕೇಳುವುದಿತ್ತಂತೆ.